ಅನಸವ್ವನ ಪಾಳಿ

ಒಂದು ಊರಿನ ನೇಕಾರರ ಓಣಿಯಲ್ಲಿ ಅಕ್ಕ, ತಮ್ಮ ಇಬ್ಬರಿದ್ದರು. ಅಕ್ಕ ಅನಸವ್ವ. ತಮ್ಮ ಗ್ಯಾನೋಬಾ. ತಂದೆ ತಾಯಿ ತೀರಿಹೋಗಿದ್ದರು. ಅನಸವ್ವನ ಗಂಡನೂ ಮದುವೆಯಾದ ಮೂರನೇ ವರ್ಷಕ್ಕೇ ಹೋಗಿಬಿಟ್ಟಿದ್ದ. ಒಂದು ಮಗ್ಗ, ಒಂದು ಒಲೆ, ಎರಡು ಹಾಸಿಗೆ. ಅಷ್ಟೇ ಸಂಸಾರ.

ಗ್ಯಾನೋಬಾ ಒಳ್ಳೆಯ ನೇಕಾರ. ಅದಕ್ಕಿಂತ ಒಳ್ಳೆಯ ಪಖವಾಜಿನವ, ಭಜನೆಯ ಮದ್ದಳೆ ಬಾರಿಸುವವ. ಓಣಿಯ ವಿಠೋಬನ ಗುಡಿಯಲ್ಲಿ ಏಕಾದಶಿ ಭಜನೆಗೆ ಅವನು ಪಖವಾಜಿನ ಮೇಲೆ ಕೈ ಇಟ್ಟನೆಂದರೆ ಮುದುಕರ ಕಾಲೂ ಸುಮ್ಮನಿರುತ್ತಿರಲಿಲ್ಲ.

ಅವನಿಗೆ ಇಪ್ಪತ್ತೆರಡು ತುಂಬಿದ ವರ್ಷ ತಲೆಯೊಳಗೆ ಏನೋ ಆಯಿತು. ಮಗ್ಗದೊಳಗೆ ಯಾರೋ ಕುಳಿತು ನನ್ನ ಹೆಸರು ಹಿಡಿದು ಬೈಯುತ್ತಾರೆ ಅಂದ. ಮಗ್ಗ ನಿಲ್ಲಿಸಿದರೂ ಬೈಗುಳ ನಿಲ್ಲಲಿಲ್ಲ. ಊಟ ಬಿಟ್ಟ. ನಿದ್ದೆ ಬಿಟ್ಟ. ದನಿ ಜೋರಾದಾಗ ಗುಡಿಯ ಹಿಂದಿನ ಮೆಟ್ಟಿಲ ಬಾವಿಗೆ ಹೋಗಿ ಕೂರುತ್ತಿದ್ದ. ನೀರಿನ ಹತ್ತಿರ ಹೋದರೆ ಗದ್ದಲ ಕಡಿಮೆ ಆಗುತ್ತದೆ ಅನ್ನುತ್ತಿದ್ದ. ಅನಸವ್ವ ಹೋಗಿ ಕೈ ಹಿಡಿದು ಕರೆತರುತ್ತಿದ್ದಳು.

ತಾಲೂಕಿನ ಆಸ್ಪತ್ರೆಗೆ ಅವಳೇ ಕರೆದೊಯ್ದಳು. ಅಲ್ಲಿಯ ಡಾಕ್ಟರಮ್ಮ ನೋಡಿ, ಇದು ಕಾಯಿಲೆ ತಾಯಿ, ಯಾರ ಶಾಪವೂ ಅಲ್ಲ, ಸಕ್ಕರೆ ಕಾಯಿಲೆಯವರ ಹಾಗೆ ಬಹಳ ದಿನ ಗುಳಿಗೆ ನುಂಗಬೇಕು, ನಿದ್ದೆ ಮಾತ್ರ ಕೆಡಬಾರದು ಅಂದಳು. ಮುಂಜಾನೆ ಒಂದು ಗುಳಿಗೆ, ಸಂಜೆ ಊಟವಾದ ಮೇಲೆ ಎರಡು. ಗುಳಿಗೆ ಹತ್ತಿದವು. ದನಿಗಳು ಸತ್ತುಹೋಗಲಿಲ್ಲ, ಆದರೆ ಪಕ್ಕದ ಓಣಿಗೆ ಹೋದಷ್ಟು ದೂರ ಹೋದವು. ಅದರ ಜೊತೆಗೆ ಕೈ ಸಣ್ಣಗೆ ನಡುಗತೊಡಗಿತು. ಕಣ್ಣು ಎಳೆಯತೊಡಗಿತು. ಪಖವಾಜು ಗೋಡೆಗೆ ತೂಗಿತು. ಕೀರ್ತನೆಗೆ ಬಂದರೆ ಕಂಬಕ್ಕೆ ಒರಗಿ ನಿದ್ದೆ ಹೋಗುತ್ತಿದ್ದ. ಕಂಡವರು ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಿದ್ದರು.

ಹೀಗೆ ಒಂಬತ್ತು ವರ್ಷ.

ಒಂಬತ್ತು ವರ್ಷ ಅಂತ ಬಾಯಲ್ಲಿ ಹೇಳಿಬಿಡುವುದು ಸುಲಭ ಮಕ್ಕಳೇ. ಮುಂಜಾನೆ ಎಬ್ಬಿಸಬೇಕು. ಮುಖ ತೊಳೆಸಬೇಕು. ಗುಳಿಗೆ ಕೊಟ್ಟು, ನಾಲಿಗೆ ಎತ್ತಿಸಿ, ಕೆಳಗೆ ಅಡಗಿಸಿಕೊಂಡಿಲ್ಲ ಅಂತ ನೋಡಬೇಕು. ಮಗ್ಗದ ಮುಂದೆ ಕೂತಾಗಲೂ ಕಿವಿ ಅವನ ಕಡೆಗೇ. ಅವನು ಬಾಗಿಲು ದಾಟಿದರೆ ಲಾಳಿ ಅಲ್ಲೇ ಬಿಟ್ಟು ಹಿಂದೆ ಓಡಬೇಕು. ರಾತ್ರಿ ತನ್ನ ಸೆರಗಿನ ತುದಿಯನ್ನು ಅವನ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಅವನು ಎದ್ದರೆ ಇವಳಿಗೆ ಎಚ್ಚರವಾಗಲಿ ಅಂತ. ಸ್ವಂತ ಸೋದರಮಾವನ ಮಗಳ ಮದುವೆಗೂ ಹೋಗಲಿಲ್ಲ. ಹೋಗಲು ಬಿಡುವೇ ಇರಲಿಲ್ಲ.

ಓಣಿಯ ಜನ ಕೆಟ್ಟವರಲ್ಲ. ಕಂಡಾಗಲೆಲ್ಲ ಕೇಳುತ್ತಿದ್ದರು. ಒಬ್ಬರು ನಿಂಬೆಹಣ್ಣು ಇಳಿಸು ಅಂದರು. ಒಬ್ಬರು ಮಂಗಳವಾರ ಒಪ್ಪತ್ತು ಮಾಡು ಅಂದರು. ಇನ್ನೊಬ್ಬರು ಹನ್ನೊಂದು ವಾರ ದರ್ಗಾಕ್ಕೆ ನಡೆ ಅಂದರು. ಹೇಳಿದವರು ಹೇಳಿ ತಮ್ಮ ಮನೆಗೆ ಹೋದರು. ಮಾಡಬೇಕಾದವಳು ಅನಸವ್ವ. ಎಲ್ಲವನ್ನೂ ಮಾಡಿದಳು. ಮಾಡಿ ಮಾಡಿ ಇನ್ನಷ್ಟು ದಣಿದಳು.

ಆ ಗುಡಿಯಲ್ಲಿ ವರ್ಷಕ್ಕೊಮ್ಮೆ ಸಪ್ತಾಹ. ಏಳು ಹಗಲು, ಏಳು ರಾತ್ರಿ ನಾಮ ನಿಲ್ಲಬಾರದು. ವಿಠೋಬನ ಮುಂದೆ ಒಬ್ಬರು ವೀಣೆ ಹಿಡಿದು ನಿಂತೇ ಇರಬೇಕು. ಆ ವೀಣೆ ಏಳು ದಿನ ನೆಲ ಮುಟ್ಟಬಾರದು. ಆದರೆ ಒಬ್ಬ ಮನುಷ್ಯ ಎಷ್ಟು ಹೊತ್ತು ನಿಂತಾನು? ಅದಕ್ಕೆ ಪಾಳಿ. ಎರಡು ತಾಸಿಗೆ ಒಬ್ಬರು. ಗುಡಿಯ ಗೋಡೆಗೆ ಕರೀಹಲಗೆ ತೂಗುಹಾಕಿ ಬಳಪದಿಂದ ಹೆಸರು ಬರೆಯುತ್ತಿದ್ದರು. ಪಾಳಿ ಬದಲಾಗುವಾಗ ಹೊಸಬ ಬಂದು, ಅಷ್ಟು ಹೊತ್ತು ಹಿಡಿದವನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಆಮೇಲೆ ವೀಣೆ ತೆಗೆದುಕೊಳ್ಳಬೇಕು. ಹಿಡಿದವ ಹದಿನೆಂಟರ ಹುಡುಗನಾದರೂ ಸರಿ, ಬಂದವ ಎಪ್ಪತ್ತರ ಮುದುಕನಾದರೂ ಸರಿ. ಅದು ಅಲ್ಲಿಯ ಪದ್ಧತಿ.

ಭಜನಾ ಮಂಡಳಿಗೆ ಗುಂಡುಬುವಾ ಹಿರಿಯ. ಎಪ್ಪತ್ತು ದಾಟಿದವ, ಸ್ವಚ್ಛ ಮನಸ್ಸಿನವ. ಆ ವರ್ಷ ಅವನೇ ಅನಸವ್ವನ ಮನೆಗೆ ಬಂದ. ಹಿಂದೆ ಚಂಪವ್ವನೂ ಬಂದಳು. ಗುಡಿಯ ಕಸ ನೀರು ನೋಡಿಕೊಳ್ಳುವವಳು ಆಕೆ. ಕಿವಿ ಸ್ವಲ್ಪ ಮಂದ, ನಾಲಿಗೆ ಚುರುಕು.

"ಅನಸವ್ವಾ, ಈ ಸಲದ ಸಪ್ತಾಹ ನಿನ್ನ ತಮ್ಮನ ಹೆಸರಲೇ ಮಾಡೂಣು" ಅಂದ ಬುವಾ. "ಏಳು ದಿನ ಅಂವ ವಿಠೋಬನ ಮುಂದನ ಕುಂತಿರಲಿ. ಹಗಲು ರಾತ್ರಿ ನಾಮ ಕಿವಿಗೆ ಬಿದ್ದರ ಆ ಹಾಳು ದನಿ ಓಡಿ ಹೋಗತಾವ. ನೀ ಚಿಂತಿ ಮಾಡಬ್ಯಾಡ. ನಾವದೀವಿ."

ಅವನ ಗುಳಿಗೆ ಹೇಗೆ ಅಂತ ಅನಸವ್ವ ಕೇಳಿದಳು.

"ದೇವರ ಮುಂದ ಕುಂತು ಗುಳಿಗಿ ನುಂಗಿದರ ಹೆಂಗವ್ವಾ? ಏಳು ದಿನ ಅಷ್ಟ. ನಂಬಿಕಿ ಅನ್ನೂದನ್ನ ಅರ್ಧಾ ಮನ್ಯಾಗ ಇಟ್ಟು ಬರೂದಲ್ಲ."

ಚಂಪವ್ವ ಬಾಗಿಲಲ್ಲೇ ನಿಂತು ಅಂದಳು, "ಹಂಗಾದರ ಬುವಾ, ನಿಮ್ಮ ಬಿ.ಪಿ. ಗುಳಿಗೀನೂ ಏಳು ದಿನ ಕಟ್ಟಿ ಇಡ್ರಿ ಮತ್ತ."

ಬುವಾ ನಕ್ಕ. ಅನಸವ್ವನೂ ನಕ್ಕಳು. ಆ ಮಾತು ನಗೆಯಲ್ಲೇ ಮುಗಿದುಹೋಯಿತು.

ಅನಸವ್ವ ಒಪ್ಪಿದಳು. ಯಾಕೆ ಒಪ್ಪಿದಳು ಅಂತ ಕೇಳುತ್ತೀರಿ. ದೇವರ ಮೇಲಿನ ನಂಬಿಕೆಯೂ ಹೌದು. ಆದರೆ ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು. ನಾವದೀವಿ. ಒಂಬತ್ತು ವರ್ಷದಲ್ಲಿ ಆ ಮಾತನ್ನು ಯಾರೂ ಅಂದಿರಲಿಲ್ಲ. ಏಳು ದಿನ ಅವನನ್ನು ಬೇರೆಯವರು ನೋಡುತ್ತಾರೆ. ಏಳು ದಿನ ನಾನು ಮಲಗಬಹುದು.

ಗುಳಿಗೆಯ ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ತಮ್ಮನನ್ನು ಗುಡಿಯಲ್ಲಿ ಕೂರಿಸಿದಳು. ಮನೆಗೆ ಬಂದು, ಬಾಗಿಲಿಗೆ ಅಗಳಿಯನ್ನೂ ಹಾಕದೆ ಮಲಗಿದಳು. ಗುಡಿಯ ನಾಮ ಓಣಿಯುದ್ದಕ್ಕೂ ಕೇಳುತ್ತಿತ್ತು. ಕೇಳುತ್ತಲೇ ನಿದ್ದೆ ಹೋದಳು. ನಡುವೆ ಎದ್ದು ನೀರು ಕುಡಿದಳು, ಎರಡು ತುತ್ತು ತಿಂದಳು, ಒಮ್ಮೆ ಗುಡಿಗೆ ಹೋಗಿ ನೋಡಿ ಬಂದಳು, ಮತ್ತೆ ಮಲಗಿದಳು.

ಗುಡಿಯಲ್ಲಿ ಏನಾಯಿತು ಕೇಳಿರಿ. ಎರಡನೇ ದಿನ ಗ್ಯಾನೋಬನ ಕಣ್ಣಿನ ಎಳೆತ ಹೋಯಿತು. ಮೂರನೇ ದಿನ ಕೈ ನಡುಕ ಕಡಿಮೆಯಾಗಿ, ತಾನೇ ಹೋಗಿ ಪಖವಾಜು ಎಳೆದುಕೊಂಡು ಬಾರಿಸಿದ. ಜನರ ಕಣ್ಣಲ್ಲಿ ನೀರು. ವಿಠೋಬಾ ಕೈ ಹಿಡಿದ ಅಂದರು. ಅವನು ಮಲಗಲಿಲ್ಲ. ಮಲಗು ಅಂತ ಯಾರೂ ಅನ್ನಲಿಲ್ಲ. ದೇವರ ಮುಂದೆ ಎಚ್ಚರವಾಗಿರುವುದೇ ಸೇವೆ ಅಂದರು. ಪಾಳಿಯವರು ಎರಡು ತಾಸು ನಿಂತು ಮನೆಗೆ ಹೋಗಿ ಮಲಗಿ ಬರುತ್ತಿದ್ದರು. ಗ್ಯಾನೋಬನಿಗೆ ಪಾಳಿ ಇರಲಿಲ್ಲ. ಏಳೂ ದಿನ ಅವನದೇ.

ನಾಲ್ಕನೇ ದಿನ ಅವನು ಪಖವಾಜು ಬಿಟ್ಟು ವೀಣೆಯನ್ನೇ ನೋಡುತ್ತ ಕುಳಿತ. ತುಟಿ ಪಿಟಿಪಿಟಿ ಅನ್ನುತ್ತಿತ್ತು. ಜಪ ಮಾಡುತ್ತಾನೆ ಅಂದುಕೊಂಡರು.

ಐದನೇ ದಿನ ನಡು ಮಧ್ಯಾಹ್ನ ಎದ್ದು ನಿಂತ. ಪಾಳಿಯಲ್ಲಿದ್ದವನ ಹೆಗಲಿಂದ ವೀಣೆಯನ್ನು ಮೆಲ್ಲಗೆ ಬಿಡಿಸಿಕೊಂಡ. ಪಾಳಿ ಬದಲು ಮಾಡಲು ಬಂದ ಅಂತ ಆತನೂ ಬಿಟ್ಟುಕೊಟ್ಟ. ಗ್ಯಾನೋಬಾ ಅದನ್ನು ಕೂಸನ್ನು ಮಲಗಿಸಿದಂತೆ ನೆಲದ ಮೇಲೆ ಮಲಗಿಸಿದ.

"ಅದಕ್ಕ ಸಾಕಾಗೇತಿ" ಅಂದ. "ಅದು ಮಲಗಲಿ."

ನಾಮ ನಿಂತಿತು. ತಾಳ ನಿಂತಿತು. ಆಮೇಲೆ ಗದ್ದಲವೆದ್ದಿತು. ವೀಣೆ ನೆಲ ಮುಟ್ಟಿತು, ನೂರು ವರ್ಷದಲ್ಲಿ ಹೀಗಾಗಿರಲಿಲ್ಲ ಅಂತ ಒಬ್ಬ. ಮೊದಲಿಂದ ಏಳು ದಿನ ಮಾಡಬೇಕು ಅಂತ ಇನ್ನೊಬ್ಬ. ಗೋಮೂತ್ರ ತನ್ನಿ, ಗಂಧ ತನ್ನಿ, ಬಾವಿಯ ಹೊಸ ನೀರು ತನ್ನಿ. ಗುಂಡುಬುವಾ ವೀಣೆಯನ್ನು ಎದೆಗವಚಿಕೊಂಡು ನಿಂತಿದ್ದ. ತಪ್ಪಾಯಿತು ಅಂತ ಎಲ್ಲರೂ ದೊಡ್ಡ ದನಿಯಲ್ಲಿ ನಾಮ ಶುರುಮಾಡಿದರು. ವೀಣೆಯನ್ನು ನೋಡಲು ನಲವತ್ತು ಜನ. ಗ್ಯಾನೋಬನನ್ನು ನೋಡಲು ಒಬ್ಬರೂ ಇಲ್ಲ. ಅವನು ಹಿಂದಿನ ಬಾಗಿಲಿಂದ ಹೊರಟುಹೋಗಿದ್ದ.

ಅನಸವ್ವನಿಗೆ ಎಚ್ಚರವಾಯಿತು. ಐದು ದಿನ ಆ ಸದ್ದಿನಲ್ಲಿ ಮಲಗಿದ್ದವಳು, ಸದ್ದು ನಿಂತ ಕೂಡಲೇ ಎದ್ದು ಕೂತಳು. ಗುಡಿಗೆ ಓಡಲಿಲ್ಲ. ಅವಳಿಗೆ ಗೊತ್ತಿತ್ತು. ಸೀದಾ ಬಾವಿಗೆ ಓಡಿದಳು.

ಗ್ಯಾನೋಬಾ ಎದೆಯುದ್ದ ನೀರಲ್ಲಿ ನಿಂತಿದ್ದ. ಅವಳನ್ನು ನೋಡಿ ಸಣ್ಣ ಮಕ್ಕಳ ಹಾಗೆ ನಕ್ಕ.

"ಇಲ್ಲಿ ಎಷ್ಟು ಸುಮ್ಮನೈತಿ ಅಕ್ಕಾ. ಇನ್ನೆರಡು ಮೆಟ್ಟಲಾ ಇಳದರ ಪೂರಾ ಸುಮ್ಮನಾಗತೈತಿ."

ಅವಳು ಇಳಿದು ಕೈ ಹಿಡಿದಳು. ಅವನು ಕೆಳಗೆ ಎಳೆಯುತ್ತಿದ್ದ. ಬಲದಿಂದಲ್ಲ, ಮಲಗಲು ಹೋಗುವವನ ಹಾಗೆ ಭಾರ ಬಿಟ್ಟಿದ್ದ. ಸೆರಗಿನ ತುದಿಯನ್ನು ಅವನ ಮಣಿಕಟ್ಟಿಗೆ ಸುತ್ತಿದಳು. ಇನ್ನೊಂದು ಸುತ್ತನ್ನು ತನ್ನ ಕೈಗೆ ಬಿಗಿದುಕೊಂಡು, ಕಲ್ಲಿನ ಸಂದಿಗೆ ಕಾಲು ಕೊಟ್ಟು ಕೂತಳು. ಕೂಗಿದಳು. ಗುಡಿ ಇಪ್ಪತ್ತು ಹೆಜ್ಜೆ. ಆದರೆ ಒಳಗೆ ಎಲ್ಲರೂ ದೇವರ ಕ್ಷಮೆ ಕೇಳಿ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು. ಯಾರಿಗೆ ಕೇಳಬೇಕು?

ಎಷ್ಟು ಹೊತ್ತು ಹಾಗೆ ಹಿಡಿದಿದ್ದಳೋ. ಕೊನೆಗೆ ಚಂಪವ್ವ ಬಂದಳು. ವೀಣೆ ತೊಳೆಯಲು ನೀರಿಗೆ ಬಂದವಳು. ಕೊಡ ಅಲ್ಲೇ ಉರುಳಿಸಿ, ಸೀರೆ ಕಚ್ಚೆ ಹಾಕಿ ಇಳಿದಳು. ಇಬ್ಬರೂ ಸೇರಿ ಅವನನ್ನು ಒಂದೊಂದೇ ಮೆಟ್ಟಿಲು ಮೇಲೆ ತಂದರು. ನೀರು ಇನ್ನೂ ಬರಲಿಲ್ಲವಲ್ಲ ಅಂತ ಹುಡುಕುತ್ತ ಗುಡಿಯವರು ಬಂದರು. ಗುಂಡುಬುವಾ ವೀಣೆ ಹಿಡಿದುಕೊಂಡೇ ಬಂದ. ಪಾಪ, ಅವನಿಗೂ ತಲೆ ಕೆಟ್ಟಿತ್ತು. ಬಾಯಿಂದ ಬಂದದ್ದು ಅದೇ.

"ವೀಣಾ ನೆಲ ಮುಟ್ಟಿತಲ್ಲವ್ವಾ. ಸಪ್ತಾಹ ಮುರೀತಲ್ಲ."

ಅನಸವ್ವ ಮೆಟ್ಟಿಲ ಮೇಲೆ ಕೂತಿದ್ದಳು. ತಮ್ಮನ ತಲೆ ಅವಳ ತೊಡೆಯ ಮೇಲಿತ್ತು. ಸೆರಗು ಇನ್ನೂ ಇಬ್ಬರ ಕೈಗೂ ಬಿಗಿದಿತ್ತು. ಅವಳು ಜಗಳಕ್ಕೆ ನಿಲ್ಲಲಿಲ್ಲ. ಜಗಳ ಮಾಡಲು ಮೈಯಲ್ಲಿ ಶಕ್ತಿ ಬೇಕಲ್ಲ.

"ಬುವಾ, ನಿಮ್ಮ ವೀಣಾ ಎರಡು ತಾಸಿಗೊಮ್ಮಿ ಕೈ ಬದಲಾಗತೈತಿ" ಅಂದಳು. "ನಾ ಹಿಡದು ಒಂಬತ್ತು ವರ್ಷ ಆತು. ನನ್ನ ಪಾಳಿ ಯಾವಾಗ ಮುಗೀತೈತಿ, ಆ ಹಲಗಿ ನೋಡಿ ಹೇಳ್ರಿ."

ಬುವಾ ಅವಳ ಕೈ ನೋಡಿದ. ಸೆರಗು ಕೊರೆದು ಮಣಿಕಟ್ಟು ಕೆಂಪಾಗಿ ಬಾತಿತ್ತು. ವೀಣೆಯನ್ನು ಪಕ್ಕದವನ ಕೈಗೆ ಕೊಟ್ಟು, ನೀವು ಉಳಿದದ್ದು ಮುಗಿಸಿರಿ, ನಾನು ಬರುತ್ತೇನೆ ಅಂತ ಹೇಳಿ, ಟೆಂಪೋ ತರಿಸಿದ. ಇವರ ಜೊತೆ ತಾನೂ ಹತ್ತಿ ಕೂತ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು ಗುಳಿಗೆ ಯಾಕೆ ನಿಂತಿತು ಅಂತ. ಅನಸವ್ವ ತಲೆ ತಗ್ಗಿಸಿ ಬಾಯಿ ತೆರೆಯುವಷ್ಟರಲ್ಲಿ ಬುವಾ ಅಂದ, "ಆಕೀನ್ನ ಬೈಬ್ಯಾಡ್ರಿ. ಬಿಡಿಸಿದಂವ ನಾನು."

ಡಾಕ್ಟರಮ್ಮ ಬೈಯಲಿಲ್ಲ. ಅವಳಿಗೂ ಇದನ್ನೇ ಹೇಳಿ ಹೇಳಿ ಸಾಕಾಗಿತ್ತು. ದೇವರನ್ನು ಬಿಡಿ ಅಂತ ನಾನು ಅನ್ನುವುದಿಲ್ಲ ಅಜ್ಜಾ, ಗುಳಿಗೆ ಬಿಡಿಸಬೇಡಿ, ನಿದ್ದೆ ಕೆಡಿಸಬೇಡಿ, ಅಷ್ಟು ಮಾಡಿ ಅಂದಳು. ಆಮೇಲೆ ಬುವಾನ ಮುಖದ ಬೆವರು ನೋಡಿ, ನಿಮಗೇನಾದರೂ ಕಾಯಿಲೆ ಇದೆಯೇ ಅಂತ ಕೇಳಿದಳು. ಬಿ.ಪಿ. ಇದೆ, ಗುಳಿಗೆ ಮುಂಜಾನೆಯೇ ತೀರ್ಥದ ಜೊತೆ ತೆಗೆದುಕೊಂಡಿದ್ದೇನೆ ಅಂದ ಬುವಾ. ಅಂದವನೇ ಚಂಪವ್ವನ ಮಾತು ನೆನಪಾಗಿ ಗೋಡೆಯ ಕಡೆ ತಿರುಗಿದ.

ಗ್ಯಾನೋಬಾ ಹದಿನೆಂಟು ದಿನ ವಾರ್ಡಿನಲ್ಲಿದ್ದ. ಇತ್ತ ಬುವಾ ಮಂಡಳಿಯವರನ್ನು ಕೂಡಿಸಿದ. ಸಪ್ತಾಹ ಮುಗಿದಿತ್ತು. ಕರೀಹಲಗೆ ಗೋಡೆಯ ಮೇಲೇ ಇತ್ತು. ಅದನ್ನು ಪಂಚೆಯ ತುದಿಯಿಂದ ಒರೆಸಿ, ಮೇಲೆ ಅನಸವ್ವನ ಮನೆ ಅಂತ ಬರೆದ. ಕೆಳಗೆ ವಾರದ ಏಳು ದಿನ. ಯಾರು ಯಾವ ಪಾಳಿ ಹಿಡಿಯುತ್ತೀರಿ ಅಂತ ಕೇಳಿದ.

ವೀಣೆ ಹಿಡಿಯಲು ನಾ ಮುಂದೆ ತಾ ಮುಂದೆ ಅನ್ನುವವರು ಕಾಲ ಬೆರಳು ನೋಡಿಕೊಳ್ಳುತ್ತ ಕೂತರು. ಒಬ್ಬ ಮೆಲ್ಲಗೆ, ಅವನು ಮೈಮೇಲೆ ಏರಿ ಬಂದರೆ ಅಂದ.

"ಒಂಬತ್ತು ವರ್ಷ ಅಕ್ಕಗ ಒಂದು ಏಟು ಹಾಕದಂವ ನಿನಗೇನ ಮಾಡ್ತಾನೋ?" ಅಂದಳು ಚಂಪವ್ವ. "ಭಾಳಂದರ ನೀ ಬಾರಸೂ ಪಖವಾಜ ಕೇಳಿ ಬೈದಾನು. ಅದನ್ನ ಶಾಣ್ಯಾರೂ ಬೈತಾರ. ಸೋಮವಾರ ನಂದು ಬರೀರಿ."

ಹನ್ನೊಂದು ಹೆಸರು ಬಿದ್ದವು. ತಿಂಗಳೊಳಗೆ ನಾಲ್ವರು ಜಾರಿಕೊಂಡರು. ಏಳು ಜನ ಉಳಿದರು. ಪಾಳಿಗೆ ಹೋದವರು ಏನು ಮಾಡಬೇಕು ಅಂತ ಬುವಾ ಅನಸವ್ವನನ್ನೇ ಕೇಳಿದ. ಅವಳು ಹೇಳುತ್ತ ಹೋದಳು. ಹೇಳಿ ಮುಗಿಸಲು ಅರ್ಧ ತಾಸು ಬೇಕಾಯಿತು. ಇಷ್ಟೆಲ್ಲ ಇದೆ ಅಂತ ಪಕ್ಕದ ಗೋಡೆಯಾಚೆಯ ಮನೆಯವರಿಗೂ ಗೊತ್ತಿರಲಿಲ್ಲ. ಕೊನೆಗೆ ಅವಳು ಒಂದೇ ಬೇಡಿಕೊಂಡಳು. ಬಂದವರು ಉಪದೇಶ ಮಾಡಬಾರದು. ನಿಂಬೆಹಣ್ಣು ತರಬಾರದು. ಅವನ ಜೊತೆ ಕೂತು ಉಣ್ಣಲಿ, ಸಾಕು.

ಮೊದಲ ಪಾಳಿ ಬುವಾನದು. ಗ್ಯಾನೋಬಾ ಆಸ್ಪತ್ರೆಯಿಂದ ಬಂದ ಮಾರನೇ ದಿನ, ಹೊತ್ತೇರಿದ ಮೇಲೆ ಬುವಾ ಬಂದ. ಅನಸವ್ವ ಬಾಗಿಲಲ್ಲಿ ನಿಂತಿದ್ದಳು. ಯಾರಿಗಾದರೂ ಅವನನ್ನು ಒಪ್ಪಿಸಿ ಹೋಗುವುದು ಹೇಗೆ ಅಂತ ಅವಳಿಗೆ ತಿಳಿಯದು. ಗುಳಿಗೆ ಡಬ್ಬಿಯನ್ನು ಎರಡು ಸಲ ಕೊಟ್ಟಳು, ಎರಡು ಸಲ ತಿರುಗಿ ಇಸಿದುಕೊಂಡಳು. ಕೈ ಎಲ್ಲಿಡಬೇಕೋ ಗೊತ್ತಾಗದೆ ಸೆರಗು ಹಿಂಡುತ್ತ ನಿಂತಳು.

ಆಗ ಆ ಎಪ್ಪತ್ತು ದಾಟಿದ ಮುದುಕ ಮೊಣಕಾಲು ಹಿಡಿದುಕೊಂಡು ಬಗ್ಗಿದ. ಅವಳ ಕಾಲು ಮುಟ್ಟಿದ. ಅವಳು ಹಿಂದೆ ಸರಿದಳು.

"ಸರಿಬ್ಯಾಡ" ಅಂದ. "ಇಷ್ಟೊತ್ತು ಹಿಡದವ್ರ ಕಾಲು ಮುಟ್ಟೇ ಪಾಳಿ ತಗೋಬೇಕು. ನಮ್ಮ ಗುಡಿ ಪದ್ಧತಿ. ಇಲ್ಲಿ ಕೊಡು."

ಅವಳು ಡಬ್ಬಿ ಕೊಟ್ಟಳು. ಈ ಸಲ ತಿರುಗಿ ತೆಗೆದುಕೊಳ್ಳಲಿಲ್ಲ.

ಎಲ್ಲಿಗೆ ಹೋದಳು ಗೊತ್ತೇ? ಎಲ್ಲಿಗೂ ಇಲ್ಲ. ಪಕ್ಕದ ಕಟ್ಟೆಯ ಮೇಲೆ ಕೂತಳು. ಬೀದಿಯಲ್ಲಿ ಹೋಗುವವರನ್ನು ನೋಡುತ್ತ, ಎರಡು ತಾಸು ಏನೂ ಮಾಡದೆ ಕೂತಿದ್ದಳು.

ಈ ಕಥೆಯಲ್ಲಿ ಪವಾಡ ಆಗಲಿಲ್ಲ ಮಕ್ಕಳೇ. ಗ್ಯಾನೋಬನ ದನಿಗಳು ಪಕ್ಕದ ಓಣಿಯಲ್ಲೇ ಇವೆ. ಒಮ್ಮೊಮ್ಮೆ ಬಾಗಿಲವರೆಗೂ ಬರುತ್ತವೆ. ಕೈ ನಡುಗುತ್ತದೆ. ಕೀರ್ತನೆಯಲ್ಲಿ ನಿದ್ದೆ ಹೋಗುತ್ತಾನೆ, ಈಗ ಯಾರಾದರೂ ತಲೆಯ ಕೆಳಗೆ ಒಂದು ಮಡಚಿದ ಕಂಬಳಿ ಇಡುತ್ತಾರೆ. ಮರುವರ್ಷದ ಸಪ್ತಾಹದಲ್ಲಿ ಹಲಗೆಯ ಮೇಲೆ ಅವನ ಹೆಸರೂ ಇತ್ತು. ಮುಂಜಾನೆಯ ಪಾಳಿ, ಅರ್ಧ ತಾಸು, ರಾತ್ರಿ ಮನೆಯಲ್ಲಿ ಪೂರಾ ನಿದ್ದೆ ಮಾಡಿ ಬಂದ ಮೇಲೆ. ಕೈ ನಡುಗುತ್ತದೆ ಅಂತ ವೀಣೆಯ ಕೆಳತುದಿಗೆ ಚಂಪವ್ವ ಒಂದು ಕೈ ಕೊಟ್ಟು ನಿಂತಿದ್ದಳು.

ಅನಸವ್ವ ರಾತ್ರಿ ಅವನ ಮಣಿಕಟ್ಟಿಗೆ ಇನ್ನೂ ಸೆರಗು ಕಟ್ಟಿಕೊಂಡೇ ಮಲಗುತ್ತಾಳೆ. ಆದರೆ ಹಗಲಿನ ಪಾಳಿಯಲ್ಲದೆ ವಾರದಲ್ಲಿ ಎರಡು ರಾತ್ರಿ ಆ ಗಂಟನ್ನೂ ಬೇರೆಯವರು ಹಿಡಿಯುತ್ತಾರೆ. ಆ ಎರಡು ರಾತ್ರಿ ಅವಳು ಎರಡೂ ಕಣ್ಣು ಮುಚ್ಚಿ ಮಲಗುತ್ತಾಳೆ.

ನೀತಿ: ಮನಸ್ಸಿನ ಕಾಯಿಲೆ ಬಂದವರಿಗಾಗಿ ದೇವರನ್ನು ಬೇಡಿಕೊಳ್ಳಿರಿ, ಆದರೆ ದೇವರ ಹೆಸರು ಹೇಳಿ ಅವರ ಔಷಧ ಬಿಡಿಸಬೇಡಿರಿ, ನಿದ್ದೆ ಕೆಡಿಸಬೇಡಿರಿ. ಕೂಡಿ ಭಜನೆ ಮಾಡುವವರು ಕೂಡಿಯೇ ಆರೈಕೆಯನ್ನೂ ಮಾಡಬೇಕು. ನೋಡಿಕೊಂಡು ನೋಡಿಕೊಂಡು ದಣಿದವರ ಮನೆಗೆ ಹೋಗುವಾಗ ಉಪದೇಶ ಒಯ್ಯಬೇಡಿರಿ, ಅವರ ಕೈಯಲ್ಲಿರುವುದನ್ನು ಸ್ವಲ್ಪ ಹೊತ್ತು ನೀವು ಹಿಡಿಯಿರಿ.